ವಂದನಾರ್ಪಣೆಯ ಐದು ನಿಮಿಷ

ನಮ್ಮೂರಿನಲ್ಲಿ ಸಭೆ ಮುಗಿದ ಮೇಲೆ ಗುಡಿಸುವುದಕ್ಕೆ ಎರಡು ಪೊರಕೆ ಬೇಕು. ಒಂದು ಧೂಳಿಗೆ, ಇನ್ನೊಂದು ಹೊಟ್ಟಿಗೆ. ಧೂಳಿಗೆ ತೆಂಗಿನ ಕಡ್ಡಿಯದಾದರೂ ನಡೆಯುತ್ತದೆ. ಹೊಟ್ಟಿಗೆ ಮಾತ್ರ ಮೆತ್ತನೆಯ ಹುಲ್ಲಿನದೇ ಆಗಬೇಕು, ಇಲ್ಲದಿದ್ದರೆ ಅದು ಹಾರಿ ಕುರ್ಚಿಗಳ ಕೆಳಗೆ ಸೇರಿಕೊಂಡು ಮತ್ತೆ ಬೆನ್ನು ಬಗ್ಗಿಸುವ ಕೆಲಸ ಕೊಡುತ್ತದೆ. ವೇದಿಕೆ ಹತ್ತಿ ಆಡಿದ ಮಾತು ಕೂತವರ ಕಿವಿ ಸೇರಿದರೆ ಸರಿ. ಯಾರ ಕಿವಿ ಸೇರಲಿಲ್ಲವೋ ಅವರ ಪಾಲಿನದು ಗೋಧಿ ಬಣ್ಣದ ಹೊಟ್ಟಾಗಿ ಉದುರುತ್ತದೆ. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಕೂರುತ್ತಾರೆ, ಗಂಡಸರು ಏಳುವಾಗ ತೊಡೆ ಕೊಡವಿಕೊಳ್ಳುತ್ತಾರೆ. ಗುಡಿಸಿ ತುಂಬಿದ ಹೊಟ್ಟನ್ನು ಗಾಜಿನ ಸಾಮಾನು ಕಟ್ಟುವವರು ಒಯ್ಯುತ್ತಾರೆ, ಕೋಳಿ ಸಾಕುವವರು ಒಯ್ಯುತ್ತಾರೆ, ಮಿಕ್ಕದ್ದು ದಿಂಬಿಗೆ ಹೋಗುತ್ತದೆ. ಉದ್ಘಾಟನಾ ಭಾಷಣದ ಹೊಟ್ಟು ತುಂಬಿದ ದಿಂಬಿಗೆ ತಲೆ ಕೊಟ್ಟರೆ ಎಂಥವರಿಗೂ ನಿದ್ದೆ ಬರುತ್ತದಾದ್ದರಿಂದ, ತಮಗೊಂದು ಇರಲಿ ಎಂದು ಮುಂಚೆಯೇ ಹೇಳಿಟ್ಟವರಿರುತ್ತಾರೆ.

ವರ್ಷಕ್ಕೊಮ್ಮೆ ಮೂರು ದಿನ ನಮ್ಮಲ್ಲಿ ತಂತ್ರಮೇಳ ನಡೆಯುತ್ತದೆ. ಎಲ್ಲೆಲ್ಲಿಂದಲೋ ಜನ ತಾವು ಮಾಡಿದ ಯಂತ್ರ, ಸಲಕರಣೆ ಹೊತ್ತು ಬಂದು ಅದರ ಬಗ್ಗೆ ಮಾತಾಡುತ್ತಾರೆ. ಆ ಸಭಾಂಗಣವನ್ನು ನಾನು ಹದಿನೇಳು ವರ್ಷದಿಂದ ಗುಡಿಸುತ್ತಿದ್ದೇನೆ. ಗುಡಿಸುವವರು ಬಾಗಿಲ ಹೊರಗೆ ನಿಲ್ಲಬೇಕೆಂಬುದು ಪದ್ಧತಿ, ಹಾಗಾಗಿ ಒಂದು ಭಾಷಣವನ್ನೂ ನಾನು ಕೂತು ಕೇಳಿದವಳಲ್ಲ. ಆದರೂ ಯಾರು ಹೇಗೆ ಮಾತಾಡಿದರೆಂದು ಪೊರಕೆ ಹಿಡಿದು ಹೇಳಬಲ್ಲೆ. ಗಣ್ಯರ ಹೆಸರು ಓದಿದ್ದೆಲ್ಲ ಮೈಕಿನ ಬುಡದಲ್ಲೇ ಗುಡ್ಡೆಯಾಗಿರುತ್ತದೆ. ಪರದೆಯ ಮೇಲಿದ್ದದ್ದನ್ನೇ ತಿರುಗಿ ಓದಿದರೆ ಅದು ಪರದೆಯ ಕೆಳಗೆ ಸಾಲಾಗಿ ಬಿದ್ದಿರುತ್ತದೆ, ಸೀರೆಯ ಅಂಚು ಹಾಸಿದಂತೆ. ಅಂಕಿಗಳು ಮೂರನೆಯ ಸಾಲಿನವರೆಗೆ ಹೋಗಿ ಸುಸ್ತಾಗುತ್ತವೆ. ಕೂತವರ ಮನಸ್ಸು ಬೇರೆ ಕಡೆ ಇದ್ದರೆ ಮಾತು ಅವರ ಮಡಿಲ ತನಕ ಬಂದು ಅಲ್ಲಿ ಬೀಳುತ್ತದೆ. ಇನ್ನು, "ಎರಡೇ ನಿಮಿಷದಲ್ಲಿ ಮುಗಿಸ್ತೀನಿ" ಅಂದ ಮೇಲೆ ಆಡಿದ್ದೆಲ್ಲ ಸಭಾಂಗಣದ ತುಂಬ ಒಂದೇ ಸಮ. ಅದನ್ನು ಗುಡಿಸುವುದು ಸುಲಭ, ಮೂಲೆಯಿಂದ ಶುರುಮಾಡಿದರೆ ಆಯಿತು.

ಈ ವಿದ್ಯೆ ನನ್ನ ಮಗಳಿಗೆ ಉಪಯೋಗವಾಗುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಮಗಳ ಹೆಸರು ನೀಲಾಂಬಿಕೆ, ಕರೆಯುವುದು ನೀಲಿ ಎಂದು. ಇಪ್ಪತ್ತನಾಲ್ಕು ವರ್ಷ. ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಂಗಡಿಯೊಂದರ ಹಿಂಬದಿಯಲ್ಲಿ ಕೂತು ಕೆಲಸ ಮಾಡುತ್ತಾಳೆ. ಅವಳ ಅಪ್ಪ ಲಾರಿ ಹತ್ತಿ ಹೋದರೆ ತಿಂಗಳು, ಎರಡು ತಿಂಗಳು ಬರುವುದಿಲ್ಲವಾದ್ದರಿಂದ ಮನೆಯಲ್ಲಿ ನಾವಿಬ್ಬರೇ. ಕಳೆದ ವರ್ಷ ಅವಳೊಂದು ಪೆಟ್ಟಿಗೆ ಮಾಡಿದಳು. ಸೋಪಿನ ಡಬ್ಬಿಯಷ್ಟು ಗಾತ್ರ, ಮೇಲೊಂದು ಹಸಿರು ದೀಪ. ಅಡುಗೆ ಮನೆಯಲ್ಲಿ ಗ್ಯಾಸ್ ಸೋರಿದರೆ ದೀಪ ಕೆಂಪಾಗಿ ಪೆಟ್ಟಿಗೆ ಕಿರುಚಿಕೊಳ್ಳುತ್ತದೆ. ಮೊದಲ ಸಲ ಕಿರುಚಿದಾಗ ನಾನು ಕೈಯಲ್ಲಿದ್ದ ಹಿಟ್ಟಿನ ಪಾತ್ರೆ ಬಿಟ್ಟುಬಿಟ್ಟಿದ್ದೆ.

ಮೇಳದಲ್ಲಿ ಅವಳಿಗೆ ಮೊದಲ ದಿನ ಹನ್ನೊಂದು ಗಂಟೆಗೆ ಹದಿನೈದು ನಿಮಿಷ ಸಿಕ್ಕಿತು. ಒಂದು ಎಳೆ ಹೊಟ್ಟೂ ಬೀಳದ ಹಾಗೆ ಮಾತಾಡಿದವರಿಗೆ ನಮ್ಮಲ್ಲಿ 'ಬರಿನೆಲ' ಎಂಬ ಮರ್ಯಾದೆಯಿದೆ. ಬರಿನೆಲ ಪಡೆದವರಿಗೆ ಊರಿನ ಕಾರ್ಯಾಗಾರದಲ್ಲಿ, ಕಿಟಕಿಯ ಪಕ್ಕದ ಒಂದು ಮೇಜು ಐದು ವರ್ಷ. ಎರಡು ಚೀಲಕ್ಕಿಂತ ಹೆಚ್ಚು ಉದುರಿಸಿದವರಿಗೆ ಐದು ವರ್ಷ ವೇದಿಕೆಯೂ ಇಲ್ಲ, ಮೇಜೂ ಇಲ್ಲ. ಅಂಗಡಿಯ ಹಿಂಬದಿಯ ಕತ್ತಲಲ್ಲಿ ಕೂತು ಕೂತು ನೀಲಿಯ ಕಣ್ಣು ಉರಿಯುವುದನ್ನು ನೋಡಿದವಳು ನಾನು. ಆ ಕಿಟಕಿ ಅವಳಿಗೆ ಸಿಗಲಿ ಎಂಬ ಆಸೆ ಅವಳಿಗಿಂತ ನನಗೇ ಹೆಚ್ಚಿತ್ತು.

ಹಾಗಾಗಿ ಮೇಳಕ್ಕೆ ವಾರವಿರುವಾಗ ದಿನವೂ ಬೆಳಗಿನ ಜಾವ ಸಭಾಂಗಣದ ಬೀಗ ತೆಗೆದು ಅವಳನ್ನು ವೇದಿಕೆಯ ಮೇಲೆ ನಿಲ್ಲಿಸಿ, ಕೆಳಗೆ ನೆಲದ ಮೇಲೆ ನಾನು ಕೂತೆ. ಮೊದಲ ದಿನ ಅವಳು ಅನಿಲವನ್ನು ಕಂಡುಹಿಡಿಯುವ ಸಲಕರಣೆಗಳ ಚರಿತ್ರೆಯಿಂದ ಶುರುಮಾಡಿದಳು. ಮುಗಿಸುವಷ್ಟರಲ್ಲಿ ನನ್ನ ಮಡಿಲು ತುಂಬಿತ್ತು.

"ಅಷ್ಟೊಂದಾ ಅವ್ವ?" ಎಂದಳು, ಅಳುವ ಹಾಗೆ.

"ಇಷ್ಟೇ ಅಲ್ಲ ಕಣೆ, ನಿನ್ನ ಕಾಲ ಹತ್ರ ನೋಡ್ಕೊ. ಅದು ನೀನೇ ನಂಬದೆ ಆಡಿದ್ದು."

ಅವಳು ಬಗ್ಗಿ ನೋಡಿ ನಕ್ಕಳು. "ಅದು 'ಇಲ್ಲಿ ನೆರೆದಿರುವ ಮಹನೀಯರೇ' ಅಂದೆನಲ್ಲ, ಅದು."

ಹೀಗೆ ದಿನಕ್ಕಿಷ್ಟು ಕಿತ್ತೆವು, ಸೊಪ್ಪು ಬಿಡಿಸಿದ ಹಾಗೆ. ಚರಿತ್ರೆ ಹೋಯಿತು. ಒಳಗಿನ ತಂತಿಗಳ ಚಿತ್ರ ಹೋಯಿತು. ಅವಳು ಕಾಲು ನೋಡಿಕೊಂಡು ಮಾತಾಡುವುದನ್ನು ಬಿಡಿಸಿದೆ. ಹೆದರಿದರೆ ಬಡಬಡನೆ ಮಾತಾಡುತ್ತಾಳೆ. ಒಂದು ವಾಕ್ಯವಾದ ಮೇಲೆ ಒಂದು ಸಲ ಉಗುಳು ನುಂಗು ಎಂದು ಹೇಳಿಕೊಟ್ಟೆ. ಐದನೆಯ ದಿನ ಉಳಿದದ್ದು ಸ್ವಲ್ಪವೇ. ಆ ದಿನ ನಮ್ಮ ಬೀದಿಗೆ ನೀರು ಬಿಡುವ ಸರದಿ. ಕೊಡಗಳನ್ನು ಸಾಲಿನಲ್ಲಿಟ್ಟು ಬಂದಿದ್ದೆ. ಯಾರಾದರೂ ಸರಿಸಿ ತಮ್ಮದನ್ನು ಇಟ್ಟರೇನೋ ಎಂದು ಮನಸ್ಸು ಅಲ್ಲೇ ಇತ್ತು. ನೀಲಿ ಏನೋ ಹೇಳಿದಳು. ನೋಡಿದರೆ ಮಡಿಲಲ್ಲಿ ಒಂದು ಹಿಡಿ ಹೊಟ್ಟು.

"ಇದೂ ಉದುರ್ತು. ತೆಗೆ ಅತ್ಲಾಗೆ."

"ಇದು ಬೇಕು ಅವ್ವ. ಪೆಟ್ಟಿಗೆ ಎಲ್ಲಿ ಕೂರಿಸ್ಬೇಕು ಅನ್ನೋದು."

"ಹಂಗಾದ್ರೆ ಚೀಟಿ ಬರೆದು ಪೆಟ್ಟಿಗೆ ಒಳಗೆ ಹಾಕು. ಉದುರೋ ಮಾತು ಆಡಿ ಯಾರಿಗೇನು ಪ್ರಯೋಜನ? ಮುಂದಕ್ಕೆ ಹೇಳು, ನೀರು ಬರೋ ಹೊತ್ತಾಯ್ತು."

ಅವಳು ಹಾಳೆಯಲ್ಲಿ ಅದರ ಮೇಲೊಂದು ಗೆರೆ ಎಳೆದು ಮುಂದಕ್ಕೆ ಹೇಳಿದಳು.

ಮೇಳದ ಮೊದಲ ದಿನ ಅವಳು ಮಾತಾಡಿದ್ದನ್ನು ಬಾಗಿಲ ಹೊರಗೆ ನಿಂತು, ಸದ್ದಿನಲ್ಲೇ ಅಳೆದೆ. ಅವಳು ಬೆಂಕಿಪೊಟ್ಟಣವನ್ನು ಮೈಕಿನ ಹತ್ತಿರ ಗಲಗಲ ಅಲ್ಲಾಡಿಸಿ, "ಇವತ್ತು ಬೆಳಿಗ್ಗೆ ಕಡ್ಡಿ ಗೀರೋ ಮುಂಚೆ ಒಂದು ಸಲ ಮೂಸಿ ನೋಡಿದವರು ಕೈ ಎತ್ತಿ" ಎಂದಳು. ನಾಲ್ಕುನೂರು ಜನ ಕೂತ ಜಾಗದಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಮತ್ತೆ ಪೆಟ್ಟಿಗೆ ಕಿರುಚಿತು, ಕುರ್ಚಿಗಳು ಕಿರಗುಟ್ಟಿದವು, ನಗೆ, ಚಪ್ಪಾಳೆ. ವೇದಿಕೆಯ ಉಸ್ತುವಾರಿ ಕರಿಸಿದ್ದಪ್ಪನವರು ಟಾರ್ಚು ಹಿಡಿದು ಒಂದೊಂದೇ ಸಾಲಿನ ಕೆಳಗೆ ಬಗ್ಗಿ ನೋಡಿಕೊಂಡು ಬಂದರು. ಆತ ಕೈಬೆರಳಲ್ಲಿ ನೆಲ ಉಜ್ಜಿ ಪರೀಕ್ಷಿಸುವ ಮನುಷ್ಯ. ಕೊನೆಗೆ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, "ಬರಿನೆಲ!" ಎಂದು ಕೂಗಿದರು. ನಾನು ಪೊರಕೆಯನ್ನು ಗೋಡೆಗೆ ಒರಗಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಹದಿನೇಳು ವರ್ಷದಲ್ಲಿ ಒಂದು ಭಾಷಣದ ನಂತರ ನನಗೆ ಕೆಲಸವಿಲ್ಲದ್ದು ಅದೇ ಮೊದಲು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಮಾಡಿಟ್ಟಿದ್ದ ನೂರಾಮೂವತ್ತು ಪೆಟ್ಟಿಗೆಗಳೂ ಖಾಲಿ. ಮೂವತ್ತು ನಮ್ಮೂರಿನವರು ಕೊಂಡರು, ನೂರು ಹೊರಗಿನವರ ಚೀಲ ಸೇರಿದವು.

ನಮ್ಮ ಪಕ್ಕದ ಮನೆಯ ಬಸಲಿಂಗಮ್ಮ ಎಲ್ಲರಿಗಿಂತ ಮೊದಲು ಕೊಂಡವಳು. ಒಬ್ಬಳೇ ಇರುವ ಹೆಂಗಸು, ರೊಟ್ಟಿ ಬಡಿದು ಮಾರುತ್ತಾಳೆ, ನೀಲಿಯನ್ನು ಎತ್ತಿ ಆಡಿಸಿದವಳು. ಎರಡನೆಯ ದಿನ ಬೆಳಿಗ್ಗೆ ನಾನು ಸಭಾಂಗಣಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಗೋಡೆಯಾಚೆ ಭುಸ್ಸೆಂದು ಸದ್ದಾಯಿತು, ಪಾತ್ರೆ ಬಿದ್ದಿತು, ಆಮೇಲೆ ಬಸಲಿಂಗಮ್ಮನ ಕೂಗು. ನಾವಿಬ್ಬರೂ ಓಡಿದೆವು. ಬೆಂಕಿ ನೆಲದ ಮೇಲೆ ನೀರಿನ ಹಾಗೆ ಹರಡಿ ಅವಳ ಸೀರೆಯ ಅಂಚು ಹಿಡಿದಿತ್ತು. ನಾನು ಬಾಗಿಲಲ್ಲಿದ್ದ ಒದ್ದೆ ಗೋಣಿ ಹಾಕಿ ಅವಳ ಕಾಲನ್ನು ತಬ್ಬಿ ಕೂತೆ, ನೀಲಿ ಸಿಲಿಂಡರಿನ ಗುಂಡಿ ತಿರುಗಿಸಿದಳು. ಇಲಿ ಕಡಿದ ನಳಿಗೆ ಒಲೆಯ ಕೆಳಗೆ ನೇತಾಡುತ್ತಿತ್ತು. ಮೊಣಕಾಲಿನವರೆಗೆ ಎರಡೂ ಕಾಲು ಸುಟ್ಟಿದ್ದವು. ಮೇಲೆ, ದೇವರ ಫೋಟೋಗಳ ಪಕ್ಕದಲ್ಲಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡ ಪೆಟ್ಟಿಗೆ ಹಸಿರು ದೀಪ ಉರಿಸಿಕೊಂಡು ತಣ್ಣಗೆ ಕೂತಿತ್ತು.

ಆಸ್ಪತ್ರೆಯಲ್ಲಿ ಮುಲಾಮು ಹಚ್ಚಿಸಿಕೊಂಡು ಮಲಗಿದ ಮೇಲೆ ಬಸಲಿಂಗಮ್ಮನೇ ನೀಲಿಗೆ ಸಮಾಧಾನ ಹೇಳಿದಳು. "ಪಾಪ, ಅದರದ್ದೇನು ತಪ್ಪು ಬಿಡೆ. ನನ್ನ ಹಂಗೆ ಅದಕ್ಕೂ ಮೂಗು ಕಟ್ಟಿತ್ತೇನೋ. ಮೊದಲಾದ್ರೆ ನಾನು ದಿನಾ ಬಗ್ಗಿ ಮೂಸ್ತಿದ್ದೆ. ನಿನ್ನ ಪೆಟ್ಟಿಗೆ ಇದೆಯಲ್ಲ ಅಂತ ಇವತ್ತು ಮೂಸಲಿಲ್ಲ."

"ಒಳಗೆ ಒಂದು ಚೀಟಿ ಇತ್ತಲ್ಲ ಅತ್ತೆ?"

"ಇತ್ತು. ಅದರಲ್ಲಿ ದೇವರ ಭಂಡಾರದ ಪುಡಿ ಕಟ್ಟಿಟ್ಟೆ. ಒಳ್ಳೆ ಗಟ್ಟಿ ಕಾಗದ."

ನೀಲಿ ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು. "ಅಡುಗೆ ಗ್ಯಾಸು ಗಾಳಿಗಿಂತ ಭಾರ ಅವ್ವ. ಸೋರಿದ್ರೆ ಮೇಲಕ್ಕೆ ಬರಲ್ಲ, ನೆಲದ ಮೇಲೇ ಹರಿಯುತ್ತೆ. ನೆಲದಿಂದ ಒಂದು ಗೇಣು ಎತ್ತರಕ್ಕೆ ಕೂರಿಸ್ಬೇಕು. ಮೇಲಿಟ್ರೆ ಅದಕ್ಕೆ ಗೊತ್ತಾಗೋ ಹೊತ್ತಿಗೆ ಮುಗಿದೇ ಹೋಗಿರುತ್ತೆ."

ಐದನೆಯ ದಿನ ನನ್ನ ಮಡಿಲಿಗೆ ಬಿದ್ದ ಒಂದು ಹಿಡಿ ಹೊಟ್ಟಿನಲ್ಲಿ ಏನಿತ್ತೆಂದು ಆಗ ತಿಳಿಯಿತು. ನಾನದನ್ನು ಕೇಳಿಯೇ ಇರಲಿಲ್ಲ. ಕೇಳದೆಯೇ ಕಿತ್ತು ಹಾಕಿಸಿದ್ದೆ. ಉದುರಿದ್ದಕ್ಕೆ ಕಾರಣ ಮಾತಿನಲ್ಲಿರಲಿಲ್ಲ, ನಲ್ಲಿಯ ಹತ್ತಿರ ಸಾಲಿಟ್ಟ ಕೊಡಗಳಲ್ಲಿತ್ತು. ಅವಳ ಪಕ್ಕ ಮೆಟ್ಟಿಲ ಮೇಲೆ ಕೂತು ಹೇಳಿದೆ. "ಆವತ್ತು ನನ್ನ ಗ್ಯಾನ ನೀರಿನ ಮೇಲಿತ್ತು ನೀಲಿ. ತಪ್ಪು ನಂದು."

"ನೀನು ತೆಗಿ ಅಂದೆ, ನಾನು ತೆಗೆದೆ. ನಂಗೂ ಬರಿನೆಲದ ಆಸೆ ಇತ್ತಲ್ಲ." ಅವಳು ಎದ್ದು ಲಂಗ ಕೊಡವಿಕೊಂಡಳು. "ಈಗ ಆ ನೂರು ಪೆಟ್ಟಿಗೆ ಎಲ್ಲೆಲ್ಲಿ ಹೋಗಿ ಕೂರ್ತಾವೆ ಅನ್ನೋದು ನೋಡು. ಎಲ್ಲರೂ ದೇವರ ಪಕ್ಕಕ್ಕೇ ಇಡೋದು. ನೆಲದ ಹತ್ರ ಯಾರು ಇಡ್ತಾರೆ ಹೇಳು."

ನಿಜ. ನಮ್ಮ ಸೀಮೆಯಲ್ಲಿ ನೆಲಕ್ಕೆ ಬಿದ್ದದ್ದು ಗುಡಿಸುವಂಥದ್ದು, ಬೆಲೆಯುಳ್ಳದ್ದು ಮೇಲಿರುವಂಥದ್ದು. ಅದು ಎಲ್ಲರ ಕೈಗೆ ರೂಢಿಯಾಗಿದೆ.

ಆ ಸಂಜೆಯೊಳಗೆ ನೀಲಿ ನಮ್ಮೂರಿನ ಮೂವತ್ತೂ ಮನೆಗೆ ಹೋಗಿ ಪೆಟ್ಟಿಗೆ ಇಳಿಸಿ ಬಂದಳು. ಹೊರಗಿನವರನ್ನು ಎಲ್ಲಿ ಹುಡುಕುವುದು? ಯಾರು ಕೊಂಡರೆಂದು ಅವಳು ಬರೆದಿಟ್ಟುಕೊಂಡಿರಲಿಲ್ಲ. ಛತ್ರಗಳಲ್ಲಿ, ನೆಂಟರ ಮನೆಗಳಲ್ಲಿ ಚದುರಿ ಹೋಗಿದ್ದರು. ಮೇಳದ ಬಾಗಿಲಿಗೆ ಚೀಟಿ ಅಂಟಿಸಿದಳು. ಅಲ್ಲಿ ಆಗಲೇ ನೂರು ಚೀಟಿಗಳಿದ್ದವು. ಮೂರನೆಯ ದಿನ ನಾಲ್ಕು ಗಂಟೆಗೆ ಬಸ್ಸುಗಳು ಹೊರಟರೆ ಆ ನೂರು ಅಡುಗೆ ಮನೆಗಳು ಎಲ್ಲಿಯೋ, ನಾವು ಎಲ್ಲಿಯೋ. ಅವರೆಲ್ಲ ಒಂದು ಸೂರಿನಡಿ ಕೂರುವುದು ಸಮಾರೋಪದಲ್ಲಿ ಮಾತ್ರ. ಕರಿಸಿದ್ದಪ್ಪನವರ ಕೋಣೆಗೆ ನಾವಿಬ್ಬರೂ ಹೋದೆವು.

ಅವರು ಕನ್ನಡಕ ತೆಗೆದು ಒರೆಸಿದರು. "ಮೈಕಲ್ಲಿ ಪ್ರಕಟಣೆ ಮಾಡಿಸೋದಾ? ಹದಿನೇಳು ವರ್ಷದಿಂದ ಗುಡಿಸ್ತಿದ್ದೀಯಲ್ಲಮ್ಮ, ಪ್ರಕಟಣೆ ಎಲ್ಲಿ ಬೀಳುತ್ತೆ ಅಂತ ನಿಂಗೊತ್ತಿಲ್ವಾ? ಕಳೆದ ವರ್ಷ ಯಾರದೋ ಬೀಗದ ಕೈ ಸಿಕ್ಕಿದೆ ಅಂತ ಆರು ಸಲ ಕೂಗಿಸಿದೆ. ಇವತ್ತಿಗೂ ನನ್ನ ಮೇಜಲ್ಲೇ ಇದೆ, ನೋಡು." ಖಾನೆ ಎಳೆದು ತೋರಿಸಿದರು.

"ನಂಗೆ ಮಾತಾಡೋಕೆ ಸಮಯ ಕೊಡಿ ಸರ್," ಎಂದಳು ನೀಲಿ.

"ಎಲ್ಲಾ ಭರ್ತಿ ಕಣಮ್ಮ. ಉಳಿದಿರೋದು ವಂದನಾರ್ಪಣೆಯ ಐದು ನಿಮಿಷ. ಅದನ್ನ ಮಾಡ್ತೀನಿ ಅಂದ ಮಾಸ್ತರಿಗೆ ಗಂಟಲು ಕಟ್ಟಿದೆ. ಬೇಕಾದ್ರೆ ತಗೊ. ಆದ್ರೆ ತಿಳ್ಕೊ, ಒಬ್ಬರು ಎಷ್ಟು ಸಲ ಮಾತಾಡಿದ್ರೂ ಹೊಟ್ಟಿನ ಲೆಕ್ಕ ಒಂದೇ. ಎರಡು ಚೀಲ ದಾಟಿತೋ, ನಿನ್ನೆಯ ಬರಿನೆಲವೂ ಹೋಯ್ತು, ಮೇಜೂ ಹೋಯ್ತು. ವಂದನಾರ್ಪಣೆ ಎರಡು ಚೀಲದೊಳಗೆ ಮುಗಿದದ್ದು ಈ ಊರಿನ ಚರಿತ್ರೆಯಲ್ಲೇ ಇಲ್ಲ." ಅವರು ದನಿ ತಗ್ಗಿಸಿದರು. "ಸುಮ್ನೆ ಯಾಕೆ? ಹೆಸರು ಬಂದಿದೆ. ಹುಷಾರಾಗಿ ಇಟ್ಕೊ."

ನೀಲಿ ನನ್ನ ಮುಖ ನೋಡಿದಳು. ನನ್ನ ಕಣ್ಣ ಮುಂದೆ ಕಿಟಕಿಯೂ ಇತ್ತು, ಬಸಲಿಂಗಮ್ಮನ ಕಾಲೂ ಇತ್ತು. ನಾನು ಬಾಯಿ ತೆಗೆಯುವುದರೊಳಗೆ ಅವಳೇ, "ತಗೋತೀನಿ ಸರ್," ಎಂದಳು.

ಸಮಾರೋಪದ ದಿನ ಮಧ್ಯಾಹ್ನ ಹೋಳಿಗೆ ಊಟ. ಎಲೆಗೆ ತುಪ್ಪ ಬಿದ್ದ ಮೇಲೆ ಆಡುವ ಮಾತಿಗೆ ದೇವರೇ ಗತಿಯೆಂದು ಗುಡಿಸುವವರೆಲ್ಲ ಬಲ್ಲರು. ಜನ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡೇ ಬಂದು ಕೂತರು. ಬಸ್ಸಿನ ಟೋಕನ್ನುಗಳನ್ನು ವಂದನಾರ್ಪಣೆಯ ನಂತರವೇ ಹಂಚುವುದು ನಮ್ಮಲ್ಲಿ ಪದ್ಧತಿ, ಇಲ್ಲದಿದ್ದರೆ ಯಾರೂ ಕೂರುವುದಿಲ್ಲ. ಕರಿಸಿದ್ದಪ್ಪನವರು ಟೋಕನ್ನಿನ ಡಬ್ಬಿ ಅಪ್ಪಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದರು. ನೀಲಿ ಹಿಂದಿನ ದಿನವೇ ಅವರನ್ನು ಒಪ್ಪಿಸಿ ನನಗೆ ಮೊದಲ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿದ್ದಳು. "ನೀನು ಎದುರಿಗೆ ಕೂತಿರು ಅವ್ವ, ನಂಗೆ ಅಷ್ಟೇ ಸಾಕು," ಎಂದಿದ್ದಳು. ಈ ಸಲ ಅವಳ ಒಂದು ಅಕ್ಷರವನ್ನೂ ಕೆಳಗೆ ಬಿಡಬಾರದೆಂದು ನಾನು ಸೆರಗು ಬಿಗಿದುಕೊಂಡು ಕೂತೆ.

ಎರಡು ದಿನ ಆಸ್ಪತ್ರೆಗೂ ಸಭಾಂಗಣಕ್ಕೂ ಮನೆಗೂ ಓಡಾಡಿದ್ದೆ. ಕುರ್ಚಿಗೆ ಮೆತ್ತೆಯಿತ್ತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಬೆನ್ನು ಒರಗಿಸಿ ಎಷ್ಟು ಹೊತ್ತಾಗಿತ್ತೋ ನನಗೇ ನೆನಪಿರಲಿಲ್ಲ.

ನೀಲಿ ವೇದಿಕೆ ಹತ್ತಿದಳು. ವಂದನೆ ಹೇಳಲಿಲ್ಲ, ಯಾರ ಹೆಸರೂ ಓದಲಿಲ್ಲ. ಉಗುಳು ನುಂಗಿಕೊಂಡು ಶುರುಮಾಡಿದಳು. "ಮೊನ್ನೆ ನಾನು ಹೇಳದೆ ಬಿಟ್ಟ ಒಂದು ಮಾತಿದೆ. ಅದರಿಂದ ಒಬ್ಬರ ಕಾಲು ಸುಟ್ಟಿದೆ." ಅಷ್ಟು ನನಗೆ ಕೇಳಿಸಿತು. ಬಸಲಿಂಗಮ್ಮನಿಗೆ ಸಂಜೆ ಗಂಜಿ ಒಯ್ಯಬೇಕು, ಮನೆಯಲ್ಲಿ ಅಕ್ಕಿ ನುಚ್ಚು ಇದೆಯೋ ಇಲ್ಲವೋ ಎಂದು ಒಂದು ಯೋಚನೆ ಬಂದದ್ದೂ ನೆನಪಿದೆ. ಆಮೇಲೆ ಸದ್ದಿಲ್ಲ. ಅವಳು ನಿಲ್ಲಿಸಿದ್ದರಿಂದ ಎಚ್ಚರವಾಗಿ ತಲೆಯೆತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಮುಖವನ್ನಲ್ಲ, ಮಡಿಲನ್ನು. ನಾನೂ ಕೆಳಗೆ ನೋಡಿಕೊಂಡೆ. ಹೊಸ ಸೀರೆಯ ಮೇಲೆ ಒಂದು ಹಿಡಿ ಹೊಟ್ಟು.

ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಸುತ್ತ ನೋಡಿದೆ, ಎಲ್ಲರ ಚೀಲಗಳ ಮೇಲೂ ಹೊಟ್ಟು, ಕೆಲವರು ಅದನ್ನು ಬೆರಳಿನಿಂದ ಚಿಮ್ಮುತ್ತ ಟೋಕನ್ನಿನ ಡಬ್ಬಿಯ ಕಡೆ ಕತ್ತು ಹೊರಳಿಸಿದ್ದರು. ನೀಲಿಗೆ ಕೋಪ ಬಂದೀತು, ಇಲ್ಲವೇ ಅಳು ಬಂದೀತೆಂದು ಕಾದೆ. ಅವಳ ಮುಖದಲ್ಲಿ ಅದು ಯಾವುದೂ ಇರಲಿಲ್ಲ. ಕೆಟ್ಟ ಮಿಕ್ಸಿಯ ಹೊಟ್ಟೆ ಬಿಚ್ಚಿ, ಓಹೋ ತೊಂದರೆ ಇಲ್ಲಿದೆಯೋ ಎಂದು ಕಂಡುಕೊಂಡಾಗ ಅವಳ ಹುಬ್ಬು ಹೇಗಾಗುತ್ತದೋ ಹಾಗಾಗಿತ್ತು. ಎದುರಿಗೆ ಕೂತ ತಾಯಿಗೇ ಒಂದು ಸಲಕ್ಕೆ ಸೇರದ ಮಾತು ಬೇರೆಯವರಿಗೆ ಹೇಗೆ ಸೇರೀತು?

ಅವಳು ಅದನ್ನೇ ಮತ್ತೆ ಹೇಳಿದಳು. "ಪೆಟ್ಟಿಗೆ ನೆಲದಿಂದ ಒಂದು ಗೇಣು ಎತ್ತರಕ್ಕೆ." ಉಗುಳು ನುಂಗಿದಳು. ಮತ್ತೆ ಹೇಳಿದಳು. ಹೊಟ್ಟು ಉದುರಿತು. ನಾಲ್ಕನೆಯ ಸಲಕ್ಕೆ ಹಿಂದಿನಿಂದ ಯಾರೋ, "ಆಯ್ತು ತಾಯಿ, ಕೇಳಿಸ್ತು!" ಎಂದರು.

"ನಿಮಗೆ ಕೇಳಿಸ್ತು. ನಿಮ್ಮ ಪಕ್ಕದವರ ತೊಡೆ ಮೇಲೆ ಬಿದ್ದಿದೆ ನೋಡಿ," ಎಂದಳು ನೀಲಿ. "ನೆಲದಿಂದ ಒಂದು ಗೇಣು."

"ಟೋಕನ್ ಕೊಡ್ರೀ, ಬಸ್ಸು ಹೋಗುತ್ತೆ!"

"ಹೋಗಲ್ಲ, ಡ್ರೈವರೂ ಇಲ್ಲೇ ಕೂತಿದ್ದಾರೆ. ನೆಲದಿಂದ ಒಂದು ಗೇಣು."

ಈಗ ನಗೆ ಶುರುವಾಯಿತು. ಐದನೆಯ ಸಾಲಿನಲ್ಲಿ ದ್ಯಾಮಣ್ಣ ಎಂಬ ದೊಡ್ಡ ಹೊಟ್ಟೆಯ ಅಡುಗೆಯವನಿದ್ದ. ಯಾವುದೋ ಹಾಸ್ಟೆಲಿನ ಅಡುಗೆ ಮನೆಗೆಂದು ನಾಲ್ಕು ಪೆಟ್ಟಿಗೆ ಕೊಂಡವನು. ಅವನು ಎದ್ದು ನಿಂತು, "ಗೇಣು ಅಂದ್ರೆ ಯಾರ ಗೇಣವ್ವ? ನಿಂದೋ ನಂದೋ? ನನ್ನ ಕೈ ನೋಡು, ಮೊರ ಇದ್ದಂಗಿದೆ!" ಎಂದು ಕೈ ಬಿಡಿಸಿ ತೋರಿಸಿದ. ಸಭೆ ಘೊಳ್ಳೆಂದಿತು.

"ಯಾರದಾದ್ರೂ ಸರಿ ಅಣ್ಣ. ಬಗ್ಗಿ ಇಟ್ರೆ ಸಾಕು." ನೀಲಿ ವೇದಿಕೆಯ ಮೇಲೆ ಮಂಡಿಯೂರಿ, ಕಿರುಬೆರಳನ್ನು ನೆಲಕ್ಕೆ ಒತ್ತಿ ಹೆಬ್ಬೆರಳನ್ನು ಮೇಲಕ್ಕೆ ಚಾಚಿದಳು. ಹಿಂದಿನ ಸಾಲಿನವರಿಗೆ ಅವಳು ಕಾಣದೆ ಎದ್ದು ನಿಂತರು. "ಗ್ಯಾಸು ಹರಿಯೋದು ಇಲ್ಲಿ. ಪೆಟ್ಟಿಗೆ ಇರ್ಬೇಕಾದ್ದು ಇಲ್ಲಿ. ದೇವರ ಪಕ್ಕ ಅಲ್ಲ, ಗಡಿಯಾರದ ಪಕ್ಕ ಅಲ್ಲ. ನೆಲದಿಂದ ಎಷ್ಟು?"

ಅವಳು ಮಂಡಿಯ ಮೇಲೆ ಹಾಗೇ ಇದ್ದುಕೊಂಡು ಮತ್ತೆ ಕೇಳಿದಳು. ಮತ್ತೆ. ದನಿ ಒಡೆಯತೊಡಗಿತ್ತು. ಕೊನೆಗೆ ದ್ಯಾಮಣ್ಣನೇ ಒಂದನೆಯ ಕ್ಲಾಸಿನ ಹುಡುಗನಂತೆ ಕೈಕಟ್ಟಿ ರಾಗ ಎಳೆದ. "ಒಂದೂ ಗೇಣೂ ಟೀಚರ್!" ಅವನ ಸಾಲಿನವರು ಸೇರಿಕೊಂಡರು. ಮುಂದಿನ ಸಲ ಅರ್ಧ ಸಭೆ. ಅದರ ಮುಂದಿನ ಸಲ ಡಬ್ಬಿ ಅಪ್ಪಿಕೊಂಡ ಕರಿಸಿದ್ದಪ್ಪನವರ ತುಟಿಯೂ ಆಡಿತು. ನನ್ನ ದನಿಯೂ ಅದರೊಳಗಿತ್ತು. ಐದು ನಿಮಿಷದ ಗಂಟೆ ಹೊಡೆದಾಗ ನೀಲಿ ವೇದಿಕೆಯಿಂದ ಇಳಿದಳು. ಚಪ್ಪಾಳೆ ಯಾರೂ ತಟ್ಟಲಿಲ್ಲ, ಎಲ್ಲರೂ ಬಾಗಿಲಿಗೆ ನುಗ್ಗಿದರು.

ಗುಡಿಸಿದಾಗ ಒಂಬತ್ತು ಚೀಲವಾಯಿತು. ಅಷ್ಟು ಹೊಟ್ಟನ್ನು ನಾನು ಒಂದೇ ಭಾಷಣಕ್ಕೆ ಯಾವತ್ತೂ ಗುಡಿಸಿಲ್ಲ. ಚೀಲದ ಬಾಯಿ ಅಗಲಿಸಿ ಹಿಡಿದದ್ದು ನೀಲಿ. ಗಂಟಲು ಪೂರ್ತಿ ಹೋಗಿತ್ತು, ಸನ್ನೆಯಲ್ಲೇ ಅಲ್ಲಿ ಉಳಿದಿದೆ, ಇಲ್ಲಿ ಉಳಿದಿದೆ ಎಂದು ತೋರಿಸುತ್ತಿದ್ದಳು. ಕರಿಸಿದ್ದಪ್ಪನವರು ಬಂದು ಚೀಲಗಳನ್ನು ಮುಟ್ಟಿ ಮುಟ್ಟಿ ನೋಡಿ, ಪುಸ್ತಕ ತೆಗೆದು ಅವಳ ಹೆಸರಿನ ಮೇಲೆ ಗೆರೆ ಎಳೆದರು. ಎಳೆದಾದ ಮೇಲೂ ಹೋಗದೆ ನಿಂತಿದ್ದರು. "ಬೇಜಾರು ಮಾಡ್ಕೋಬೇಡಮ್ಮ. ನಿಯಮ," ಎಂದರು. ಮತ್ತೆ ಕನ್ನಡಕ ತೆಗೆದು, "ಮೇಳಕ್ಕೆ ಅಂತ ಹೊರಗಿನಿಂದ ಬಂದ ನನ್ನ ತಮ್ಮ ನನ್ನ ಹೆಂಡತಿಗೆ ಒಂದು ಪೆಟ್ಟಿಗೆ ತಂದುಕೊಟ್ಟಿದ್ದ. ನಂಗೆ ಇವತ್ತೇ ನೆನಪಾದದ್ದು. ಕ್ಯಾಲೆಂಡರಿನ ಮೊಳೆಗೆ ನೇತಾಕಿದ್ದಾಳೆ," ಎಂದವರೇ, ಸಭಾಂಗಣದ ಬೀಗವನ್ನು ನನ್ನ ಕೈಗೆ ಕೊಟ್ಟು ಬೇಗ ಬೇಗ ಹೊರಟುಹೋದರು.

ನಾವು ಬೀಗ ಹಾಕಿ ರಸ್ತೆಗೆ ಬಂದೆವು. ಮಂಡಿಯ ಹತ್ತಿರ ನೀಲಿಯ ಲಂಗ ಮಾಸಿತ್ತು. ನಾಳೆಯಿಂದ ಮತ್ತೆ ಅಂಗಡಿಯ ಹಿಂಬದಿ, ಅದೇ ಕತ್ತಲು. ನನ್ನ ಕಾಲುಗಳು ಹೆಜ್ಜೆಗೊಂದು ಸಲ ನೋಯುತ್ತಿದ್ದವು. ನುಚ್ಚು ಕೊಳ್ಳಲು ಅಂಗಡಿಯ ಮುಂದೆ ನಿಂತಾಗ ಹಿಂದಿನಿಂದ ಬಸ್ಸುಗಳು ಬಂದವು, ಒಂದರ ಹಿಂದೆ ಒಂದು. ತಿರುವಿನಲ್ಲಿ ನಿಧಾನವಾದಾಗ ಮೊದಲ ಬಸ್ಸಿನ ಕಿಟಕಿಯಿಂದ ಯಾರೋ ನೀಲಿಯನ್ನು ಗುರುತಿಸಿಬಿಟ್ಟರು. "ಏಯ್, ಟೀಚರಮ್ಮ ಅಲ್ಲಿದ್ದಾಳೆ ನೋಡ್ರೋ!" ಆ ಕಿಟಕಿಯಲ್ಲೊಂದು ಕೈ ಗೇಣು ಚಾಚಿತು. ಪಕ್ಕದ ಕಿಟಕಿಯಲ್ಲಿ ಇನ್ನೊಂದು. ಇಬ್ಬರು ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತ ಒಬ್ಬರ ಮೂಗನ್ನೊಬ್ಬರು ಗೇಣಿನಲ್ಲಿ ಅಳೆಯುತ್ತಿದ್ದರು. ಎರಡನೆಯ ಬಸ್ಸು ಬಂತು, ಒಳಗೆ ದ್ಯಾಮಣ್ಣನ ದನಿ, ಅವನ ಹಿಂದೆ ಇಡೀ ಬಸ್ಸು, "ನೆಲದಿಂದಾ...?" "ಒಂದೂ ಗೇಣೂ!"

ನೀಲಿಯ ಮುಖ ಕೆಂಪಾಯಿತು. ತಲೆ ತಗ್ಗಿಸಿ ನನ್ನ ಹಿಂದೆ ಸರಿದು ನಿಂತಳು, ಚಿಕ್ಕವಳಿದ್ದಾಗ ನಿಲ್ಲುತ್ತಿದ್ದ ಹಾಗೆ. ನಾನು ಹಿಂದಕ್ಕೆ ಕೈ ಚಾಚಿ ಅವಳ ಕೈ ಹಿಡಿದುಕೊಂಡೆ.

"ನಗ್ಲಿ ಬಿಡೆ," ಎಂದೆ. "ನಗ್ತಾ ನಗ್ತಾನೇ ಮನೆ ಮುಟ್ಟಲಿ."